ಏಳಿ ಹಕ್ಕ

ಮಾರ್ಚ್ 3, ಸೋಮವಾರ. ಬೆಳಗ್ಗೆ 8:40

ಕಾಫಿ ಆರುವ ಮೊದಲೇ, ಕಂಪ್ಯೂಟರಿಗೆ ಕಳ್ಳ ನುಗ್ಗಿರಬಹುದು ಅಂತ ಅರವತ್ತೊಂದು ಅಲರ್ಟ್. ಐವತ್ತೆಂಟು ಸುಳ್ಳು. ಎರಡು — ರಜೆ ಮುಗಿಸಿ ಬಂದು ಪಾಸ್‌ವರ್ಡ್ ಮರೆತವರು. ಒಂದು ಪ್ರಿಂಟರ್. ಅದು ಪ್ರತಿ ಸೋಮವಾರವೂ ಕಳ್ಳನ ಹಾಗೆ ಆಡುತ್ತೆ. ಬೈದು ಮುಚ್ಚಿದೆ.

ಹೊಸ ಪುಸ್ತಕ ಕೊಡಿ ಅಂತ ಕೇಳಬೇಕು. ಇದರಲ್ಲಿ ಮುಂದಿನಿಂದ ನಾನು ಮಾಡಿದ ಫೋನ್ ಕರೆಗಳ ದಾಖಲೆ, ಹಿಂದಿನಿಂದ ನನ್ನ ಗೊಣಗಾಟ. ಎರಡೂ ಹತ್ತಿರ ಹತ್ತಿರ ಬರ್ತಾ ಇವೆ. ಎಲ್ಲಿ ಸೇರುತ್ತವೋ ಅಲ್ಲಿಗೆ ಮುಗೀತು.

ಅದೇ ದಿನ, 12:30

ಮೀಟಿಂಗ್. ಮ್ಯಾನೇಜರು ಸ್ಲೈಡ್ ಇಲ್ಲದೆ ಉಸಿರೂ ಬಿಡುವವರಲ್ಲ — ನಮ್ಮೊಳಗೆ ಅವರು ಸ್ಲೈಡ್ ಸಾಹೇಬರು. ಇವತ್ತು ಹದಿನಾಲ್ಕು ಸ್ಲೈಡ್. ಸಾರಾಂಶ ಒಂದು ಸಾಲು: ಇನ್ನು ಕಾವಲಿಗೆ ಎಐ. ನಾವು ಈ ಕೋಣೆಯಲ್ಲಿ ಕೂತು ಕಾಯುವ ಆಸ್ಪತ್ರೆ, ನೀರಿನ ಸ್ಥಾವರ, ಕಾಲೇಜು — ಎಲ್ಲದರ ಕಂಪ್ಯೂಟರುಗಳನ್ನೂ ಅದೇ ಕಾಯುತ್ತೆ. ಅಲರ್ಟನ್ನು ಅದೇ ಓದಿ, ಅದೇ ತೂಗಿ, ಅದೇ ಮುಚ್ಚುತ್ತೆ. ತಿಂಗಳ ಕೊನೆಗೆ ಆರು ಸೀಟಿನಲ್ಲಿ ಉಳಿಯುವುದು ಒಂದು.

ಕೊನೇ ಸ್ಲೈಡಿನಲ್ಲಿ ದಪ್ಪಕ್ಷರ: ಫೋನ್ ಕರೆಗಳು — ಸೊನ್ನೆ.

ಐದು ತಲೆಗಳು ಒಟ್ಟಿಗೆ ನನ್ನ ಕಡೆ ತಿರುಗಿದವು. ಫೋನ್ ಮಾಡುವ ಚಟ ಇರುವುದು ನನಗೊಬ್ಬಳಿಗೇ. ಪಾಸ್‌ವರ್ಡ್ ಬದಲಿಸಿಕೊಡಿ ಅಂತ ಯಾರೇ ಬರೆಯಲಿ, ಆ ಸಂದೇಶ ಪಕ್ಕಕ್ಕಿಟ್ಟು, ಈ ಪುಸ್ತಕದಲ್ಲಿರುವ ಹಳೇ ನಂಬರಿಗೆ ನಾನೇ ಫೋನ್ ಮಾಡಿ ಕೇಳುತ್ತೇನೆ. ಅವರು ಮಾಡಿದ ಕರೆ ನಂಬೋದಿಲ್ಲ. ಅವರು ಕೊಟ್ಟ ನಂಬರೂ ನಂಬೋದಿಲ್ಲ. ಹತ್ತೊಂಬತ್ತು ವರ್ಷದ ಹಿಂದೆ ಇಲ್ಲಿ ಟೆಲಿಫೋನ್ ಆಪರೇಟರ್ ಆಗಿ ಸೇರಿದವಳು. ಕಂಪ್ಯೂಟರ್ ಆಮೇಲೆ ಕಲಿತೆ, ಇಂಗ್ಲಿಷು ಅದಕ್ಕೂ ಆಮೇಲೆ. ಫೋನು ಮಾತ್ರ ಮೊದಲಿನಿಂದ ನನ್ನದು.

ಜೊತೆಗೆ ಒಂದು ಹೋಂವರ್ಕ್. ನಮಗೆ ಗೊತ್ತಿರುವುದನ್ನೆಲ್ಲ ಒಂದು ಶೀಟಿನಲ್ಲಿ ಸಾಲುಸಾಲಾಗಿ ತುಂಬಬೇಕು. ಎಐ ಅದನ್ನು ಓದಿ ಕಲಿಯುತ್ತಂತೆ. "ನಿಮ್ಮ ತಲೇಲಿರೋದೆಲ್ಲ ಇಳಿಸಿಬಿಡಿ" ಅಂದರು. ತಲೆ ಇಳಿಸುತ್ತೇವೆ ಅಂತ ಇಷ್ಟು ನಯವಾಗಿ ಯಾರೂ ಹೇಳಿರಲಿಲ್ಲ.

ಎಐಗೆ ಜಾಣಮರಿ ಅಂತ ಹೆಸರಿಟ್ಟೆ.

ಮಾರ್ಚ್ 4, ಮಂಗಳವಾರ. ಮಧ್ಯಾಹ್ನ 3:15

ಶೀಟು ತುಂಬುತ್ತಿದ್ದೇನೆ. ಸುಮ್ಮನೆ ತುಂಬಿದರೆ ನಿದ್ದೆ ಬರುತ್ತೆ. ಪ್ರಾಸ ಹಾಕಿದೆ.

ಸಾಲು 14: ರಜೆಯ ದಿನದ ಲಾಗಿನ್ನು — ಸುಮ್ಮನೆ ಬಿಡಬೇಡ ಅದನ್ನು.
ಸಾಲು 22: ಅರ್ಜೆಂಟ್ ಅಂತ ಅರಚಿದವರನ್ನು ಅರ್ಧ ಗಂಟೆ ಕೂರಿಸು.
ಸಾಲು 31: ಕರೆದು ಕೇಳು, ಕೇಳಿ ತಾಳು, ಆಮೇಲೆ ಹೇಳು.

ಸ್ಲೈಡ್ ಸಾಹೇಬರು ಬೆನ್ನ ಹಿಂದೆ ನಿಂತು ಓದಿದರು.

"ಏನ್ರೀ ಇದು, ಪದ್ಯ?"

"ನೀವೇ ಹೇಳಿದ್ರಲ್ಲ ಸರ್, ತಲೇಲಿರೋದು ಇಳಿಸಿ ಅಂತ. ತಲೇಲಿ ಹೀಗೇ ಇದೆ."

"ಮೂವತ್ತೊಂದನ್ನ ತೆಗೀರಿ. ಕರೆ ಇಲ್ಲ ಅಂದ್ಮೇಲೆ ಕರೆದು ಕೇಳೋದೆಲ್ಲಿ?"

ಅವರೇ ಬಗ್ಗಿ ಅಳಿಸಿದರು. ಮೂವತ್ತರ ಕೆಳಗೆ ಮೂವತ್ತೆರಡು. ಹಲ್ಲು ಕಿತ್ತ ಹಾಗೆ.

ಮಾರ್ಚ್ 6, ಗುರುವಾರ. 10:20

ಜಾಣಮರಿಯ ಮೊದಲ ಪ್ರತಾಪ.

ಆಸ್ಪತ್ರೆಯ ಸಂದೇಶವೊಂದನ್ನು ಹಿಡಿದು ಕೂರಿಸಿತ್ತು. ಕಾರಣ: ಕಾಗುಣಿತ ತಪ್ಪು ವಿಪರೀತ. ನಕಲಿ ಇರುವ ಸಾಧ್ಯತೆ ನೂರಕ್ಕೆ ತೊಂಬತ್ತನಾಲ್ಕು. ತೆರೆದು ನೋಡಿದೆ —

"ಹಕ್ಕ, ಹಾಕ್ಸಿಜನ್ ಪ್ಯಾನಲ್ಲಿನ ಅಳೇ ಪಾಸ್ವರ್ಡು ಆಳಾಗಿದೆ. ಒಸದು ಆಕಿ ಕೊಡಿ."

ನಗು ತಡೆಯಲಾಗಲಿಲ್ಲ. ಇವನು ನಮ್ಮ ಬಾಯ್ಲರ್ ತಮ್ಮ. ಆಸ್ಪತ್ರೆಯ ಬಾಯ್ಲರ್, ಆಕ್ಸಿಜನ್ ಟ್ಯಾಂಕು, ಕೋಲ್ಡ್ ರೂಮು ಎಲ್ಲ ನೋಡಿಕೊಳ್ಳುವವನು. ಹ ಬರಬೇಕಾದಲ್ಲಿ ಅ, ಕೆಲವು ಸಲ ಅ ಬರಬೇಕಾದಲ್ಲಿ ಹ. ಬಾಯಲ್ಲೂ ಹಾಗೇ, ಬರಹದಲ್ಲೂ ಹಾಗೇ. ಹತ್ತು ವರ್ಷದಿಂದ ನಾನು ಅವನಿಗೆ ಹಕ್ಕ. ಮುಖ ನೋಡಿಲ್ಲ.

ಪುಸ್ತಕದ ನಂಬರಿಗೆ ಫೋನ್ ಮಾಡಿದೆ.

"ಅಲೋ. ಏಳಿ ಹಕ್ಕ."

ಹೇಳಿ ಅನ್ನುವುದು ಅವನ ಬಾಯಲ್ಲಿ ಏಳಿ. ಮೊದಲ ವರ್ಷ ನಿಜವಾಗಲೂ ಎದ್ದು ನಿಂತಿದ್ದೆ, ಏನೋ ಅನಾಹುತ ಆಗಿದೆ ಅಂತ. ಆಮೇಲೆ ಅದೇ ರೂಢಿಯಾಯಿತು. ಅವನ ಜೊತೆ ಮಾತಾಡುವಾಗ ನಾನು ಕೂತಿರುವುದಿಲ್ಲ.

"ನೀನೇ ಬರೆದ್ಯಾ?"

"ನಾನೇ ಹಕ್ಕ. ನಲವತ್ತು ನಿಮಿಷ ಆಯ್ತು. ಸ್ಕ್ರೀನು ಕಪ್ಪಗೆ ಕೂತದೆ. ಪ್ರೆಶರು ಎಷ್ಟದೆ ಅಂತ ಟ್ಯಾಂಕ್ ಅತ್ರ ಓಗಿ ಮುಳ್ಳು ನೋಡ್ಕೊಂಡು ಬರ್ತಾ ಇದೀನಿ."

ಬದಲಿಸಿಕೊಟ್ಟೆ. ಆ ಪ್ಯಾನಲ್ಲು ವಾರ್ಡುಗಳಿಗೆ ಹೋಗುವ ಆಕ್ಸಿಜನ್ನಿನ ಹಿಡಿತ. ಅದರ ಪಾಸ್‌ವರ್ಡ್ ಯಾರ ಕೈಯಲ್ಲಿದೆಯೋ ಅವರು ವಾಲ್ವ್ ಮುಚ್ಚಬಲ್ಲರು.

ಸಾಹೇಬರ ಮೇಲ್ ತಕ್ಷಣ ಬಂತು: ಇವತ್ತು ಒಂದು ಕರೆ ದಾಖಲಾಗಿದೆ, ಕಾರಣ ತಿಳಿಸಿ. ಬರೆದೆ: ಬಾಯ್ಲರಿಗೆ ಬಾಯಿ ಇದೆ, ಕೇಳಿದೆ.

ಮಾರ್ಚ್ 10, ಸೋಮವಾರ. ಸಂಜೆ 6:00

ಇದನ್ನೂ ಬರೆಯಲೇಬೇಕು. ಬರೆಯದಿದ್ದರೆ ಈ ಪುಸ್ತಕಕ್ಕೆ ಸುಳ್ಳು ಹೇಳಿದ ಹಾಗೆ.

ಶುಕ್ರವಾರ ನೀರಿನ ಸ್ಥಾವರದ ಒಂದು ಅಲರ್ಟನ್ನು "ಮಾಮೂಲು" ಅಂತ ಮುಚ್ಚಿದ್ದೆ. ಮಾಮೂಲಾಗಿರಲಿಲ್ಲ. ಒಬ್ಬನೇ ಎಂಜಿನಿಯರು ಒಂದೇ ಹೊತ್ತಿಗೆ ಎರಡು ಊರಲ್ಲಿ ಲಾಗಿನ್ ಆಗಿದ್ದ. ಜಾಣಮರಿ ಹಿಡಿಯಿತು. ನಾಲ್ಕು ಸೆಕೆಂಡಿನಲ್ಲಿ. ನಾನು ಆ ದಿನದ ನೂರಾ ಎಂಬತ್ತನೇ ಅಲರ್ಟಿನಲ್ಲಿದ್ದೆ, ಕಣ್ಣು ಕೆಂಪಗಿತ್ತು. ಅದಕ್ಕೆ ಕಣ್ಣಿಲ್ಲ, ಕೆಂಪಗಾಗುವುದೂ ಇಲ್ಲ.

ಸಾಹೇಬರು ಅದಕ್ಕೂ ಒಂದು ಸ್ಲೈಡು ಹಾಕಿದರು.

ಮನೆಗೆ ಬಂದು ಅಪ್ಪನ ಹತ್ತಿರ ಹೇಳಿದೆ. ಅಪ್ಪ ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದವರು — ಸೀಸದ ಅಕ್ಷರಗಳನ್ನು ಒಂದೊಂದಾಗಿ ಆಯ್ದು ಪುಟ ಕಟ್ಟುವ ಕೆಲಸ. ಕಂಪ್ಯೂಟರ್ ಬಂದ ಮೇಲೆ ಕರಡು ತಿದ್ದುವುದಕ್ಕೆ ಕೂರಿಸಿದರು. ಈಗ ನಮ್ಮಿಬ್ಬರದೇ ಮನೆ. ಬಾಗಿಲಲ್ಲಿ ಬಿದ್ದ ಪ್ರತಿ ಕರಪತ್ರವನ್ನೂ ಕೆಂಪು ಪೆನ್ನಿನಲ್ಲಿ ತಿದ್ದಿ ಇಡುತ್ತಾರೆ.

"ಹಿಡೀತು ಅಂದ್ರೆ ಹಿಡೀತು ಕಣೇ. ಒಪ್ಕೋ."

"ಒಪ್ಕೊಂಡೆ. ಅದಕ್ಕೆ ಸೀಟು ಬಿಟ್ಟು ಎದ್ದು ಹೋಗ್ಲಾ?"

"ನಾನು ಕರಡು ತಿದ್ದುವಾಗ ಇಬ್ಬರು ಕೂರ್ತಿದ್ವಿ. ಒಬ್ಬ ಮೂಲ ನೋಡಿ ಗಟ್ಟಿಯಾಗಿ ಓದ್ಬೇಕು, ಇನ್ನೊಬ್ಬ ಅಚ್ಚು ನೋಡ್ಬೇಕು. ಖರ್ಚು ಜಾಸ್ತಿ ಅಂತ ಓದೋನನ್ನ ತೆಗೆದ್ರು. ಮಾರನೇ ವಾರವೇ ಮದುವೆ ಕರೆಯೋಲೇಲಿ ಗಂಡಿನ ಜಾಗದಲ್ಲಿ ಹೆಣ್ಣಿನ ಅಪ್ಪನ ಹೆಸರು ಬಂತು."

"ಮದುವೆ ಆಯ್ತಾ?"

"ಆಯ್ತು. ಅಪ್ಪ ಕೂತ್ಕೊಳ್ಳಲಿಲ್ಲ ಅಷ್ಟೇ, ಹಸೆಮಣೆ ಮೇಲೆ."

ಇಬ್ಬರೂ ನಕ್ಕೆವು. ಆಮೇಲೆ ಅಪ್ಪ ಕನ್ನಡಕ ಒರೆಸಿ ಹಾಕಿಕೊಂಡು, ತಿದ್ದಲು ಇನ್ನೊಂದು ಕರಪತ್ರ ಎತ್ತಿಕೊಂಡರು.

ಮಾರ್ಚ್ 19, ಬುಧವಾರ. ಮಧ್ಯಾಹ್ನ 1:10

ಒಂಬತ್ತು ದಿನ ಬರೆದಿಲ್ಲ. ಬರೆಯುವಂಥದ್ದು ಏನಿತ್ತು? ನಾಲ್ಕು ಸೀಟು ಖಾಲಿ. ಪಕ್ಕದ ಸೀಟಿನವಳು ಹೋಗುವಾಗ ತನ್ನ ಕುರ್ಚಿಯ ದಿಂಬು ನನಗೆ ಕೊಟ್ಟಳು. "ನೀವೇ ಕೊನೇವರೆಗೂ ಕೂರೋರು" ಅಂದಳು. ಹೊಗಳಿದಳೋ ಶಪಿಸಿದಳೋ.

ಇವತ್ತಿನದು ಬರೀಬೇಕು. ಆತುರದಲ್ಲಿ ಗೀಚುತ್ತಿದ್ದೇನೆ, ಅಕ್ಷರ ನೋಡಿದರೆ ಅಪ್ಪ ಬೈತಾರೆ.

11:42. ಬಾಯ್ಲರ್ ತಮ್ಮನ ಖಾತೆಯಿಂದ ಸಂದೇಶ. ಅವನದೇ ಮೊಬೈಲು, ಅವನದೇ ಆಸ್ಪತ್ರೆಯ ನೆಟ್‌ವರ್ಕು ಅಂತ ಪರದೆ ತೋರಿಸುತ್ತಿತ್ತು. ಜಾಣಮರಿ ಹಸಿರು ದೀಪ ಕೊಟ್ಟಿತ್ತು: ನಂಬಿಕೆ ನೂರಕ್ಕೆ ತೊಂಬತ್ತೇಳು. ಹತ್ತು ನಿಮಿಷದಲ್ಲಿ ಹೊಸ ಪಾಸ್‌ವರ್ಡ್ ತಾನೇ ಹೋಗುತ್ತೆ. ಸಂದೇಶ ಹೀಗಿತ್ತು:

"ಗೌರವಾನ್ವಿತ ಮೇಡಂ, ಆಮ್ಲಜನಕ ನಿಯಂತ್ರಣ ಫಲಕದ ಹಳೆಯ ಪಾಸ್‌ವರ್ಡ್ ಕಾರ್ಯನಿರ್ವಹಿಸುತ್ತಿಲ್ಲ. ಹೊಸ ಪಾಸ್‌ವರ್ಡನ್ನು ತುರ್ತಾಗಿ ಒದಗಿಸಬೇಕೆಂದು ಕೋರುತ್ತೇನೆ."

ಆಮ್ಲಜನಕ! ಹತ್ತು ವರ್ಷದಲ್ಲಿ ಅವನ ಬಾಯಲ್ಲಿ ಆಮ್ಲಜನಕ ಬಂದಿದ್ದರೆ ಉಸಿರಿನಲ್ಲಿ ಮಾತ್ರ. ಒಂದು ತಪ್ಪಿಲ್ಲ. ಹಳೆಯ ಅನ್ನುವುದು ಹಳೆಯ ಅಂತಲೇ ಇದೆ. ಹಕ್ಕ ಇಲ್ಲ.

ತಡೆ ಒತ್ತಿದೆ. "ಮಾನವ ಹಸ್ತಕ್ಷೇಪ, ಕಾರಣ ಆಯ್ಕೆ ಮಾಡಿ" ಅಂತ ಪರದೆ ಕೇಳಿತು. ಆರು ಕಾರಣಗಳ ಪಟ್ಟಿ. ನನ್ನದು ಅದರಲ್ಲಿರಲಿಲ್ಲ.

ಫೋನ್ ಮಾಡಿದೆ. ಎತ್ತಲಿಲ್ಲ. ಇನ್ನೊಮ್ಮೆ. ಎತ್ತಲಿಲ್ಲ. ಸಾಹೇಬರು ಗಾಜಿನ ಕೋಣೆಯಿಂದ ಹೊರಬಂದರು. ಮೂರನೇ ಸಲ —

"ಅಲೋ. ಏಳಿ ಹಕ್ಕ. ಟ್ಯಾಂಕಿನ ಕೆಳಗಿದ್ದೆ."

ನಿಂತೇ ಇದ್ದೆ.

"ಪಾಸ್‌ವರ್ಡ್ ಕೇಳಿ ಬರೆದ್ಯಾ?"

"ನಾನೆಲ್ಲಿ ಬರೆದೆ? ಪ್ಯಾನಲ್ಲು ಚೆನ್ನಾಗೇ ಅದೆ."

ಹಾಗಾದರೆ ಅವನ ಖಾತೆಯೊಳಗೆ ಬೇರೆ ಯಾರೋ ಕೂತಿದ್ದಾರೆ. ಎಲ್ಲ ಬೀಗ ಬದಲಿಸುವಷ್ಟರಲ್ಲಿ ಒಂದು ಗಂಟೆ.

ಕೊನೆಗೆ ಅವನು ಕೇಳಿದ: "ನಾನಲ್ಲ ಅಂತ ಎಂಗೆ ಗೊತ್ತಾಯ್ತು?"

ಹೇಳಿಬಿಟ್ಟೆ. ಹೇಳಬಾರದಿತ್ತು. ಆ ಕಡೆ ಮೋಟಾರಿನ ಗುಯ್, ಅದರ ನಡುವೆ ಅವನ ದನಿ.

"ಅಂದ್ರೆ... ನಾನು ದಡ್ಡ ಅಂತ ಬಚಾವಾ?"

"ದಡ್ಡ ಅಲ್ಲಪ್ಪಾ. ನೀನು ನೀನೇ ಅಂತ."

"ಮಗಳು ಏಳ್ತಾನೇ ಇರ್ತಾಳೆ. ಅಪ್ಪಾ ಕೊಡು, ನಾನು ತಿದ್ದಿ ಕಳಿಸ್ತೀನಿ ಅಂತ."

"ಬೇಡ!" ಅಂದೆ, ಕೂಗಿಯೇ. ಸಾಹೇಬರು ಬೆಚ್ಚಿದರು.

ಮಾರ್ಚ್ 20, ಗುರುವಾರ. 12:00

ಅಭಿನಂದನೆ ಸಿಕ್ಕಿತು. ಅರ್ಧ ನಿಮಿಷ. ಆಮೇಲೆ —

"ಇದನ್ನೂ ಶೀಟಿಗೆ ಹಾಕಿ. ಸಾಲು 213. ಜಾಣಮರಿ ಕಲಿಯತ್ತೆ." ಹೆಸರು ಅವರ ಬಾಯಿಗೂ ಹತ್ತಿದೆ.

"ಏನಂತ ಹಾಕ್ಲಿ ಸರ್?"

"ಆ ಮನುಷ್ಯ ತಪ್ಪಿಲ್ಲದೆ ಬರೆದ್ರೆ ತಡೀಬೇಕು. ಅಷ್ಟೇ ತಾನೆ?"

"ಅಷ್ಟೇ ಅಲ್ಲ. ನಾನು ಅಷ್ಟಕ್ಕೇ ಕಳ್ಳ ಅನ್ಲಿಲ್ಲ. ಅನುಮಾನ ಬಂತು, ಫೋನ್ ಮಾಡಿದೆ. ಇವತ್ತು ನಾವು ತಪ್ಪನ್ನ ಕಲಿಸ್ತೀವಿ, ನಾಳೆ ಕಳ್ಳನೂ ಕಲೀತಾನೆ. ಅವನ ಹತ್ರಾನೂ ಇಂಥದ್ದೇ ಒಂದು ಮರಿ ಇದೆ ಸರ್. ಗಣಪತಿ ಹಾಗೆ ಕೂತು ಬರೀತಿದೆ."

"ಕರೆ ಸೊನ್ನೆ ಅಂತ ಎಲ್ಲರಿಗೂ ಮಾತು ಕೊಟ್ಟಾಗಿದೆ ಕಣ್ರೀ."

"ಹಾಗಾದ್ರೆ ಖಾತ್ರೀನೂ ಸೊನ್ನೆ."

ಪ್ರಾಸ ಅಲ್ಲದಿದ್ದರೂ ಪೆಟ್ಟು ಬಿತ್ತು ಅಂದುಕೊಂಡೆ. ಬೀಳಲಿಲ್ಲ. ಹಾಕಿದೆ ಸಾಲು 213, ಅವರು ಹೇಳಿದ ಹಾಗೇ. ನಾಚಿಕೆಯಾಯಿತು. ಅವನ ನಾಲಿಗೆಯನ್ನು ಶೀಟಿಗೆ ಮೊಳೆ ಹೊಡೆದ ಹಾಗೆ.

ಮಾರ್ಚ್ 25, ಮಂಗಳವಾರ. ಸಂಜೆ 5:30

ಬೆಳಗ್ಗೆ ಬಾಯ್ಲರ್ ತಮ್ಮನ ಸಂದೇಶ: "ಅಕ್ಕ, ಆಕ್ಸಿಜನ್ ಪ್ಯಾನಲ್ ಲಾಕ್ ಆಗಿದೆ. ಹೊಸ ಪಾಸ್‌ವರ್ಡ್ ಹಾಕಿ ಕೊಡಿ."

ತಪ್ಪಿಲ್ಲ. ಜಾಣಮರಿ ಸಾಲು 213 ನೋಡಿತು, ಸಂದೇಶ ತಡೆಯಿತು, ಖಾತೆಯನ್ನೇ ಮುಚ್ಚಿತು. ನಾನು ನೀರಿನ ಸ್ಥಾವರದ ಕೆಲಸದಲ್ಲಿದ್ದೆ. ಕಣ್ಣಿಗೆ ಬೀಳುವಷ್ಟರಲ್ಲಿ ಐವತ್ತು ನಿಮಿಷ.

ಫೋನ್ ಮಾಡಿದೆ. ಓಡಿ ಬಂದು ಎತ್ತಿದ, ಉಸಿರು ಮೇಲೆ ಕೆಳಗೆ.

"ಏಳಿ ಹಕ್ಕ! ನಾನೇ ಹಕ್ಕ! ಮಗಳು ತಿದ್ದಿ ಕೊಟ್ಳು. ನೀವು ಬೇಡ ಅಂದ್ರಿ, ಆದ್ರೂ... ನಾಚಿಕೆ ಆಯ್ತು ಹಕ್ಕ, ನನ್ನ ಬರವಣಿಗೆ ಅಲ್ಲಿ ಎಲ್ರೂ ಓದಿರ್ತಾರೆ ಅಂತ."

ಐವತ್ತು ನಿಮಿಷ ಅವನು ಟ್ಯಾಂಕಿಗೂ ಮೂರನೇ ಮಹಡಿಗೂ ಮೆಟ್ಟಿಲು ಹತ್ತಿ ಇಳಿದು, ವಾಲ್ವನ್ನು ಕೈಯಲ್ಲೇ ತಿರುಗಿಸುತ್ತಿದ್ದ. ವಾರ್ಡಿನಲ್ಲಿ ಯಾರಿಗೂ ಏನೂ ಆಗಲಿಲ್ಲ. ಅವನ ಮಂಡಿಗೆ ಆಯಿತು.

ನನ್ನ ನಂಬರು ಅವನ ಹತ್ತಿರ ಇತ್ತಲ್ಲ, ಯಾಕೆ ಮಾಡಲಿಲ್ಲ? ಕೇಳಿದೆ. ಮಾಡಿದ್ದನಂತೆ, ನಾಲ್ಕು ಸಲ. ಹೊರಗಿನಿಂದ ಬರುವ ಕರೆಗಳನ್ನು ಸೋಮವಾರದಿಂದ ಜಾಣಮರಿಯೇ ಎತ್ತುತ್ತಿದೆ. "ದೂರಿನ ಟಿಕೆಟ್ ನೋಂದಾಯಿಸಿ" ಅಂತ ನಾಲ್ಕು ಸಲವೂ ಹೇಳಿದೆ, ಒಂದೇ ದನಿಯಲ್ಲಿ, ಬೇಸರವಿಲ್ಲದೆ.

ಗಾಜಿನ ಕೋಣೆಗೆ ಹೋದೆ. ಬಾಗಿಲು ತಟ್ಟಲಿಲ್ಲ.

"ಸಾಲು 213 ಅಳಿಸ್ತಿದ್ದೀನಿ. ಬೇರೆ ಬರೀತೀನಿ."

"ಏನಂತ?"

"ಫೋನ್ ಮಾಡು. ಎರಡೇ ಪದ. ನನಗೆ ಬರೋ ಕರೆಗಳನ್ನೂ ನನ್ನ ಫೋನಿಗೇ ಬಿಡಿಸಿ. ಇಲ್ದಿದ್ರೆ ಇವತ್ತಿನ ಐವತ್ತು ನಿಮಿಷದ ವರದಿ ಆಸ್ಪತ್ರೆಗೆ ನಾನೇ ಬರೀತೀನಿ. ಗದ್ಯದಲ್ಲಿ."

ಕರೆಗಳನ್ನು ಬಿಡಿಸಿದರು, ತಿಂಗಳ ಕೊನೆಯವರೆಗೆ ಮಾತ್ರ. ನಾನು ಬರೆದ ಹೊಸ ಸಾಲನ್ನು ಸಂಜೆಗೆ ಮತ್ತೆ ಅಳಿಸಿದ್ದರು. ಆಸ್ಪತ್ರೆಗೆ ವರದಿ ಬರೆದು ಕಳಿಸಿದೆ.

ಮಾರ್ಚ್ 28, ಶುಕ್ರವಾರ. ಬೆಳಗ್ಗೆ 9:05

ನಿನ್ನೆ ಸಂಜೆ ಪತ್ರ ಬಂತು. ಉಳಿಯುವ ಒಂದು ಸೀಟು ನನ್ನದಂತೆ. ಷರತ್ತು ಒಂದು: ಶೀಟು ಪೂರ್ಣಗೊಂಡಿದೆ, ಇದರ ಹೊರಗೆ ಯಾವ ವಿಧಾನವೂ ಬೇಕಿಲ್ಲ ಅಂತ ಕೆಳಗೆ ಸಹಿ ಹಾಕಬೇಕು. ಸೋಮವಾರ ಹನ್ನೊಂದಕ್ಕೆ ಮೇಜಿನ ಫೋನು ತೆಗೆಯುತ್ತಾರೆ. ಸಹಿ ಹಾಕದಿದ್ದರೆ ನನ್ನನ್ನೂ ಅದರ ಜೊತೆಗೇ.

ರಾತ್ರಿ ಅಪ್ಪ ಪತ್ರ ಓದಿದರು. ಮೂರು ಕಾಗುಣಿತ ತಪ್ಪು ತಿದ್ದಿದರು. ವಾಪಸು ಕೊಟ್ಟರು.

"ಏನ್ ಮಾಡ್ತೀಯ?"

"ಸೀಟು ಬೇಕಪ್ಪಾ. ಬೇಡ ಅಂತ ಯಾರು ಹೇಳಿದ್ದು? ಜಾಣಮರಿ ಜೊತೆ ಕೂತು ಕೆಲಸ ಮಾಡೋಕೂ ರೆಡಿ. ಅದು ಅಚ್ಚು ನೋಡ್ಲಿ, ನಾನು ಗಟ್ಟಿಯಾಗಿ ಓದ್ತೀನಿ. ಆದ್ರೆ ಸುಳ್ಳಿಗೆ ಸಹಿ ಹಾಕಿ ಕೂತ್ಕೊಂಡ್ರೆ, ಅವನು ಮೆಟ್ಟಿಲು ಹತ್ತುವಾಗ ನಾನು ದಿಂಬಿನ ಮೇಲೆ ಕೂತಿರ್ತೀನಿ."

"ಹಾಗಾದ್ರೆ?"

"ಸಹಿ ಇಲ್ಲ. ಸೀಟೂ ಬಿಡಲ್ಲ. ಎಬ್ಬಿಸ್ಲಿ ನೋಡೋಣ."

ಅಪ್ಪ ಕೆಂಪು ಪೆನ್ನಿನ ಮುಚ್ಚಳ ಹಾಕಿದರು. "ಪೆನ್ನು ಬೇಕಾದ್ರೆ ತಗೊಂಡು ಹೋಗು" ಅಂದರು.

ಮಾರ್ಚ್ 31, ಸೋಮವಾರ. 10:40

ಪ್ರಿಂಟರ್ ಅಲರ್ಟ್ ಬಂತು. ಸೋಮವಾರ ಅಲ್ವಾ. ಜಾಣಮರಿ ಒಂದೇ ಸೆಕೆಂಡಿನಲ್ಲಿ ಮುಚ್ಚಿತು. ಸಂತೋಷ. ಅದನ್ನೆಲ್ಲ ಅದೇ ಇಟ್ಟುಕೊಳ್ಳಲಿ.

ಪುಸ್ತಕದ ನಡುವೆ ಉಳಿದದ್ದು ಈ ಒಂದು ಹಾಳೆ. ಕರೆಗಳೂ ಗೊಣಗಾಟವೂ ಇಲ್ಲಿ ಎದುರುಬದುರು. ಸಹಿ ಇಲ್ಲದ ಪತ್ರ ಮೇಜಿನ ಮೇಲೆ. ಷರತ್ತನ್ನು ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿ ಪಕ್ಕದಲ್ಲಿ ಬರೆದಿದ್ದೇನೆ: ಅನುಮಾನ ಬಂದರೆ ಫೋನ್ ಮಾಡು.

10:51

ಫೋನು ತೆಗೆಯುವವನು ಬಂದ. ಒಂಬತ್ತು ನಿಮಿಷ ಮೊದಲೇ. ಕಾಯಪ್ಪಾ ಅಂದೆ. ಸಾಹೇಬರೂ ಬಂದು ನಿಂತರು, ಪತ್ರ ಎತ್ತಿಕೊಂಡು ಓದುತ್ತಿದ್ದಾರೆ.

10:53

ಫೋನು. ಬಾಯ್ಲರ್ ತಮ್ಮನ ನಂಬರು. ಕರೆಯಲ್ಲಿ ಕೇಳಿದ್ದನ್ನು ಕೇಳಿದ ಹಾಗೇ ಬರೆಯುವುದು ರೂಢಿ, ಬರೆಯುತ್ತಿದ್ದೇನೆ —

"ಅಲೋ ಹಕ್ಕ. ಹಾಕ್ಸಿಜನ್ ಪ್ಯಾನಲ್ಲು ಲಾಕಾಗದೆ. ಒಸ ಪಾಸ್ವರ್ಡು ಏಳಿ."

ಅರ್ಧ ಎದ್ದುಬಿಟ್ಟೆ. ಅದೇ ದನಿ. ಅದೇ ತಪ್ಪು. ಹಿಂದೆ ಮೋಟಾರಿನ ಗುಯ್ ಕೂಡ. ಪರದೆಯ ಮೇಲೆ, ಕರೆ ಕೇಳಿಸಿಕೊಳ್ಳುತ್ತಿದ್ದ ಜಾಣಮರಿಯ ಹಸಿರು: ತೊಂಬತ್ತೆಂಟು. ನನ್ನ ಕಿವಿಯನ್ನು ಕೇಳಿದರೆ ಅದೂ ತೊಂಬತ್ತೆಂಟೇ ಅನ್ನುತ್ತೆ. ಅವನ ಖಾತೆಯೊಳಗೆ ಕೂತಿದ್ದವರು ಅವನ ಹಳೇ ಸಂದೇಶಗಳನ್ನೆಲ್ಲ ಓದಿದ್ದಾರೆ, ದನಿ ಸಂದೇಶಗಳನ್ನೂ ಕೇಳಿದ್ದಾರೆ... ಅವರ ಮರಿ ದನಿ, ನಂಬರು ಎರಡನ್ನೂ ನಕಲು ಮಾಡಲು ಕಲಿತಿರಬಹುದು. ಅಥವಾ ಅವನೇ ಇರಬಹುದು. ಗೊತ್ತಿಲ್ಲ. ಗೊತ್ತಿಲ್ಲ ಅನ್ನುವುದು ನನಗೆ ಗೊತ್ತಿದೆ.

"ಇಡು, ನಾನೇ ಮಾಡ್ತೀನಿ" ಅಂದೆ.

"ಬೇಡ ಹಕ್ಕ, ಅರ್ಜೆಂಟು. ಈಗ್ಲೇ ಏಳಿ."

ಅರ್ಜೆಂಟ್ ಅಂತ ಅರಚಿದವರನ್ನು. ಸಾಲು 22. ಕಟ್ ಮಾಡಿದೆ. ಕೂತೆ.

ವೈರಿನ ಮೇಲೆ ಕೈ ಇಟ್ಟಿದ್ದಾನೆ ಫೋನಿನವನು. "ಕಿತ್ರೆ ನೋಡು" ಅಂದೆ. ಸಾಹೇಬರನ್ನು ನೋಡಿದ. ಸಾಹೇಬರು ಪರದೆ ನೋಡಿದರು, ನನ್ನನ್ನು ನೋಡಿದರು, ಪತ್ರ ಹಿಡಿದ ಕೈ ಕೆಳಗಿಳಿಯಿತು.

"ಮಾಡ್ರೀ" ಅಂದರು. ಮೆಲ್ಲಗೆ.

ಅವರು ಹೇಳುವ ಮೊದಲೇ ಡಯಲ್ ಮಾಡಿಯಾಗಿತ್ತು. ಪುಸ್ತಕದ ನಂಬರು. ಸ್ಪೀಕರಿಗೆ ಹಾಕಿದೆ, ಎಲ್ಲರೂ ಕೇಳಲಿ. ರಿಂಗ್ ಆಗುತ್ತಿದೆ. ರಿಂಗ್. ರಿಂಗ್. ಎತ್ತಿದ. ನಾನೇ ಮೊದಲು ಕೇಳಿದೆ —

"ಈಗ ನನಗೆ ಫೋನ್ ಮಾಡಿದ್ಯೇನಪ್ಪಾ?"

"ಇಲ್ವಲ್ಲ. ಕೋಲ್ಡ್ ರೂಮಲ್ಲಿದೀನಿ. ಯಾಕೆ, ಏನಾಯ್ತು? ಏಳಿ ಹಕ್ಕ."

ಎದ್ದೆ. ಪೂರ್ತಿ. ಈ ಹಾಳೆಯಲ್ಲಿ ಇನ್ನು ಒಂದೇ ಸಾಲು ಜಾಗ. ಸಾಹೇಬರೂ ನಿಂತೇ ಇದ್ದಾರೆ, ಫೋನಿನವನು ವೈರ್ ಬಿಟ್ಟು